ದೀಪಕ್ಕೆ ಅಡ್ಡ ಹಿಡಿದ ಕೈ

ಏಳನೆಯ ಅಡಿಟಿಪ್ಪಣಿಯ ಜಾಗ ಇನ್ನೂ ಖಾಲಿ ಇತ್ತು. ಹೆಂಡತಿ ಪದ್ಮಜಾ ಪ್ರಬಂಧದ ಹನ್ನೊಂದು ಪುಟಗಳನ್ನೂ ಒಂದು ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟಿದ್ದಳು. ಒಂಬತ್ತನೆಯ ಪುಟದ ತಳದಲ್ಲಿ ಮಾತ್ರ ಚಿಕ್ಕದೊಂದು ಏಳು ಹೊಡೆದು ಅದರ ಮುಂದೆ ಎರಡು ಸಾಲಿನಷ್ಟು ಬಿಳಿ ಬಿಟ್ಟಿದ್ದಳು. ‘ಇದಕ್ಕೇನು ಹಾಕ್ಬೇಕು ಅಂತ ನೀವು ಹೇಳಲೇ ಇಲ್ಲವಲ್ಲ’ ಎಂದು ನಿನ್ನೆ ಕೇಳಿದಾಗ ಬದರೀನಾಥ ‘ಹೇಳ್ತೀನಿ, ಹೇಳ್ತೀನಿ’ ಎಂದು ಸ್ನಾನಕ್ಕೆ ಎದ್ದು ಹೋಗಿದ್ದ. ಈಗ ಬೆಳಗಿನ ಆರೂವರೆಗೆ, ಓಲ್ಡ್ ಬ್ರಿಡ್ಜಿನ ಗ್ಯಾಸ್ ಸ್ಟೇಷನ್ನಿನ ಮುಂದಿನ ಸಾಲಿನಲ್ಲಿ ಇಪ್ಪತ್ತಾರನೆಯ ಕಾರಿನೊಳಗೆ ಕೂತು, ಆ ಪುಟವನ್ನು ಸ್ಟೀರಿಂಗಿಗೆ ಆನಿಸಿಕೊಂಡು ನೋಡುತ್ತಿದ್ದ. ಇಂದು ೧೯೭೪ರ ಫೆಬ್ರವರಿ ಇಪ್ಪತ್ತೊಂದು, ಬೆಸ ತಾರೀಖು, ಬೆಸ ನಂಬರಿನ ಕಾರುಗಳ ದಿನ. ಅವನ ಕಾರಿನ ನಂಬರು ಏಳರಲ್ಲಿ ಮುಗಿಯುವುದರಿಂದ ಇಂದು ಅವನಿಗೆ ಗ್ಯಾಸ್, ಎಂದರೆ ಪೆಟ್ರೋಲು, ಸಿಗಬೇಕು. ಇದು ಗೊತ್ತಿದ್ದೂ ಅವನು ಎರಡು ಸಲ ಚಳಿಯಲ್ಲಿ ಇಳಿದು ಹಿಂದೆ ಹೋಗಿ ಪ್ಲೇಟನ್ನು ಓದಿಕೊಂಡು ಬಂದಿದ್ದ. ಮೂರನೆಯ ಸಲ ಬಾಗಿಲಿಗೆ ಕೈ ಹಾಕಿದಾಗ ಪಕ್ಕದಲ್ಲಿ ಕೂತಿದ್ದ ಸುಬ್ಬು, ‘ಕೂತ್ಕೊಳ್ರೀ ಬದರಿ, ಏಳು ಎಂಟಾಗಲ್ಲ’ ಎಂದ.

ಸುಬ್ಬು ಅದೇ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯವನು, ಬೆಂಗಳೂರಿನವನು, ನ್ಯೂಆರ್ಕಿನ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಮಿಸ್ಟು. ಗ್ಯಾಸಿನ ಕಷ್ಟ ಶುರುವಾದ ಮೇಲೆ ಇಬ್ಬರೂ ಒಂದೇ ಕಾರಿನಲ್ಲಿ ಕಮ್ಯೂಟ್ ಮಾಡುತ್ತಿದ್ದರು. ‘ನನಗೊಂದು ಅರ್ಥ ಆಗಲ್ಲ. ನೀವು ಡ್ರಾಫ್ಟ್ಸ್‌ಮನ್. ಪೈಪು, ವಾಲ್ವು, ಬಾಯ್ಲರು. ಈ ನೂರು ವರ್ಷದ ಹಿಂದಿನ ಇಂಗ್ಲಿಷ್ ಪತ್ತೇದಾರಿ ಕಟ್ಕೊಂಡು ಏನ್ರೀ ಮಾಡ್ತೀರಿ? ಪ್ರಮೋಷನ್ ಕೊಡ್ತಾರಾ?’

‘ಡಿಗ್ರಿಗೆ ಒಂದು ಹ್ಯುಮ್ಯಾನಿಟೀಸ್ ಕೋರ್ಸು ತೊಗೋಬೇಕು. ಗುರುವಾರ ಸಂಜಿ ಇದೊಂದೇ ಇತ್ತು.’

‘ಥ್ಯಾಂಕ್ ಗಾಡ್, ಬ್ಯಾಲೆ ಇರಲಿಲ್ವಲ್ಲ!’ ಎಂದು ಸುಬ್ಬು ತನ್ನ ಜೋಕಿಗೆ ತಾನೇ ನಕ್ಕ. ಬದರೀನಾಥನೂ ನಕ್ಕ. ಯಾರಾದರೂ ತಮಾಷೆ ಮಾಡಿದರೆ ನಗುವುದು, ಬಾಗಿಲು ಹಿಡಿದರೆ ಥ್ಯಾಂಕ್ಯೂ ಎನ್ನುವುದು, ಇವುಗಳಲ್ಲಿ ಅವನು ಎಂದೂ ತಪ್ಪಿದವನಲ್ಲ. ಆಫೀಸಿನಲ್ಲಿ ಅವನನ್ನು ಬಡಿ ಎಂದು ಕರೆಯುವ ಯಜಮಾನ ಒಮ್ಮೆ ಎಲ್ಲರೆದುರು, ‘ನೀನು ಲಿಫ್ಟಿಗೂ ಥ್ಯಾಂಕ್ಯೂ ಹೇಳ್ತೀಯ’ ಎಂದಿದ್ದ. ಅದು ನಿಜವೂ ಆಗಿತ್ತು. ಲಿಫ್ಟಿನ ಒಳಗೆ ಯಾರೋ ಇದ್ದಾರೆಂದುಕೊಂಡು ಹೇಳಿದ್ದ. ಆದರೆ ಈ ದೇಶಕ್ಕೆ ಬಂದ ಆರು ವರ್ಷಗಳಲ್ಲಿ ಅವನಿಗೆ ಕೃತಜ್ಞತೆ ಸುಳ್ಳಾಗಿ ಬಂದದ್ದು ಕಡಿಮೆ. ಮುಂಬಯಿಯಲ್ಲಿ ಹಗಲು ಟ್ರೇಸಿಂಗ್ ಮಾಡಿ ಸಂಜೆ ಡಿಪ್ಲೊಮಾ ಕ್ಲಾಸಿಗೆ ಓಡುತ್ತಿದ್ದವನಿಗೆ, ಮೂವತ್ತೆಂಟನೆಯ ವಯಸ್ಸಿನಲ್ಲೂ ಒಬ್ಬರು ಎದುರು ನಿಂತು ಪಾಠ ಹೇಳುತ್ತಾರೆ, ಅವನು ಬರೆದದ್ದನ್ನು ಕೆಂಪು ಪೆನ್ಸಿಲಿನಲ್ಲಿ ಓದುತ್ತಾರೆ ಎನ್ನುವುದೇ ಯಾರೋ ತಪ್ಪಿ ತನಗೆ ಕೊಟ್ಟ ಪಾರ್ಸೆಲ್ಲಿನಂತೆ ಕಾಣುತ್ತಿತ್ತು. ಯಾವ ಗಳಿಗೆಯಲ್ಲಾದರೂ ಬಂದು ವಾಪಸು ಕೇಳಿಯಾರು.

ಕೋಟಿನ ಒಳಜೇಬಿನಲ್ಲಿ ಕಾಲೇಜು ಮೊದಲ ದಿನವೇ ಹಂಚಿದ್ದ ಹಾಳೆಯಿತ್ತು. ಇನ್ನೊಬ್ಬರ ಮಾತನ್ನಾಗಲಿ, ಇನ್ನೊಬ್ಬರು ಕಂಡುಕೊಂಡದ್ದನ್ನಾಗಲಿ ಮೂಲ ಹೇಳದೆ ಬಳಸಿಕೊಳ್ಳುವುದು ಕಳ್ಳತನ ಎಂದು ಅದರಲ್ಲಿತ್ತು. ಕಳ್ಳತನ ಎಂಬ ಪದದ ಕೆಳಗೆ ಅವನು ಸ್ಕೇಲಿಟ್ಟು ಗೆರೆ ಎಳೆದಿದ್ದ. ಇಂದು ಸಂಜೆ ಆರಕ್ಕೆ ಪ್ರಬಂಧವನ್ನು ತರಗತಿಯ ಎದುರು ಹೇಳಬೇಕು. ಸೋಮವಾರ ಪ್ರತಿಯನ್ನು ಒಪ್ಪಿಸಬೇಕು. ಆರು ಅಡಿಟಿಪ್ಪಣಿಗಳಿಗೂ ಪುಸ್ತಕ, ಪುಟ, ವರ್ಷ ಎಲ್ಲವೂ ಇದ್ದವು. ಏಳನೆಯದಕ್ಕೆ ಇದ್ದದ್ದು ಒಬ್ಬ ಹೆಂಗಸು. ಅವಳಿಗೆ ಓದಲು ಬರುತ್ತಿರಲಿಲ್ಲ. ಅವಳ ಹೆಸರು ಬರೆದರೆ ಪಾಠ ಹೇಳುವ ಮಿಸೆಸ್ ಕೆಸ್ಲರ್ ನಗಬಹುದು. ಅಥವಾ, ಅದಕ್ಕಿಂತ ಕಷ್ಟ, ಅವಳು ಯಾರು ಎಂದು ಕೇಳಬಹುದು.

‘ತೋರ್ಸಿ ನೋಡೋಣ ನಿಮ್ಮ ಪತ್ತೇದಾರಿ’ ಎಂದು ಸುಬ್ಬು ಹಾಳೆಗಳ ನಡುವಿನಿಂದ ಚಿತ್ರದ ಜೆರಾಕ್ಸ್ ಎಳೆದ. ಮಕ್ಕಳ ಕೋಣೆ. ಮಂಚದ ಮೇಲೆ ಮಲಗಿದ ಮಗು. ಪಕ್ಕದಲ್ಲಿ ತಲೆಯ ಮೇಲೆ ಸೆರಗು ಹೊದ್ದ ಹಿಂದೂಸ್ತಾನದ ಆಯಾ, ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ದೀಪಕ್ಕೆ ಅಡ್ಡ. ಹಿಂದೆ ಅರೆ ತೆರೆದ ಬಾಗಿಲು. ಸುಬ್ಬು ಎರಡು ಕ್ಷಣವೂ ನೋಡಲಿಲ್ಲ. ‘ಇವಳೇ ತಾನೆ ಕಳ್ಳಿ? ಮುಖ ನೋಡಿದ್ರೆ ಗೊತ್ತಾಗುತ್ತೆ, ಇನ್ನೇನು ಓದೋದು!’ ಮುಂದಿನ ಕಾರು ಚಲಿಸಿತು. ಬದರೀನಾಥ ಗೇರು ಹಾಕಿದ.

ಸುಬ್ಬುವಿನ ಮೇಲೆ ಸಿಟ್ಟು ಬರಲಿಲ್ಲ. ನಿನ್ನೆ ಬೆಳಿಗ್ಗೆ ಅದನ್ನೇ ರಾಜಿಯೂ ಹೇಳಿದ್ದಳು. ಆರು ವರ್ಷದ ಮಗಳು ಹಾಲಿನ ಬಟ್ಟಲಿನ ಮೇಲಿನಿಂದ ಕತ್ತು ಚಾಚಿ, ಇವಳು ಕೆಟ್ಟವಳಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ‘ಯಾಕ ಪುಟ್ಟಿ?’ ಎಂದ. ‘ಅವಳ ಮುಖದ ಮೇಲೆ ಅಷ್ಟೊಂದು ಗೀಟು ಹಾಕಿದಾರಲ್ಲ’ ಎಂದು ಮಗಳು ಇಂಗ್ಲಿಷಿನಲ್ಲೇ ಉತ್ತರಿಸಿ, ಮತ್ತೆ ತಿನ್ನತೊಡಗಿದಳು. ಹನ್ನೊಂದು ಪುಟಗಳಲ್ಲಿ ತಾನು ಹೆಣಗಿ ಹೇಳಿದ್ದನ್ನು ಮಗಳು ಒಂದು ಚಮಚ ಎತ್ತಿ ಇಳಿಸುವುದರೊಳಗೆ ಹೇಳಿ ಮುಗಿಸಿದ್ದಳು. ವಾರ ವಾರ ಧಾರಾವಾಹಿಯಾಗಿ ಬರುತ್ತಿದ್ದ ಆ ಕತೆಯಲ್ಲಿ ಆ ವಾರ ಅವಳ ಬಗ್ಗೆ ಇದ್ದದ್ದು ಒಂದೇ ವಾಕ್ಯ: ಆಯಾ ದೀಪ ಹಿಡಿದು ಮಕ್ಕಳ ಕೋಣೆಯನ್ನು ಹಾದು ಹೋದಳು. ಅವಳ ಮುಖದ ಬಗ್ಗೆ, ಕಳ್ಳನೋಟದ ಬಗ್ಗೆ ಲೇಖಕ ಒಂದಕ್ಷರ ಬರೆದಿರಲಿಲ್ಲ. ಆದರೆ ೧೮೬೮ರ ಏಪ್ರಿಲಿನಲ್ಲಿ ಲಂಡನ್ನಿನ ಆ ವಾರಪತ್ರಿಕೆಯನ್ನು ಬಿಡಿಸಿದವರಿಗೆ ಮೊದಲು ಕಂಡದ್ದು ವಾಕ್ಯವಲ್ಲ, ಚಿತ್ರ. ಓರೆಗಣ್ಣು, ಕೆನ್ನೆಯ ಮೇಲೆ ಒತ್ತೊತ್ತಾಗಿ ಕೆತ್ತಿದ ಗೆರೆಗಳ ಕತ್ತಲೆ. ಮುಂದಿನ ಹತ್ತು ವಾರ ಅವರು ಓದಿದ ಪ್ರತಿ ಸಾಲಿನ ಹಿಂದೆಯೂ ಆ ಕತ್ತಲೆ ನಿಂತಿರಬೇಕು. ಮನೆಯೊಡತಿಯ ಮುತ್ತಿನ ಸರ ಕಳೆದಾಗ ಅವರು ಯಾರನ್ನೂ ಹುಡುಕಲಿಲ್ಲ, ಕಾದರು, ಅಷ್ಟೆ.

ಇದೆಲ್ಲ ಅವನಿಗೆ ಗೊತ್ತಿದ್ದದ್ದು ಓದಿನಿಂದಲ್ಲ. ಧಾರವಾಡದ ಮನೆಯಲ್ಲಿ ಅದೇ ವಾರಪತ್ರಿಕೆಯ ಅರ್ಧ ವರ್ಷದ ಸಂಚಿಕೆಗಳ ದಪ್ಪ ಬೈಂಡಿತ್ತು. ಕಾಲೇಜಿನಲ್ಲಿ ಗುಮಾಸ್ತರಾಗಿದ್ದ ತಂದೆ, ಗೆದ್ದಲು ಹತ್ತಿ ಲೈಬ್ರರಿಯಿಂದ ಹೊರಹಾಕಿದ ಪುಸ್ತಕಗಳಲ್ಲಿ ಅದೊಂದನ್ನು ಚರ್ಮದ ಬೈಂಡಿಗೆ ಮರುಳಾಗಿ ಹೊತ್ತು ತಂದಿದ್ದರು. ಬದರಿಗೆ ಆಗ ಎಂಟು ವರ್ಷ, ಇಂಗ್ಲಿಷು ಬಾರದು. ಮಧ್ಯಾಹ್ನ ಅಡುಗೆಮನೆ ತೊಳೆದು, ಒದ್ದೆ ನೆಲದ ತಂಪಿಗೆ ಬೆನ್ನು ಕೊಟ್ಟು ಕೂರುತ್ತಿದ್ದ ಅಡುಗೆಯ ಕಾಶಿಬಾಯಿಯ ಪಕ್ಕಕ್ಕೆ ಅವನು ಬೈಂಡನ್ನು ಎಳೆದು ತರುತ್ತಿದ್ದ. ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಎಳೆದುಕೊಂಡು, ಕೈ ಒರೆಸಿಕೊಂಡು, ಅವಳು ಚಿತ್ರದಿಂದ ಚಿತ್ರಕ್ಕೆ ಕತೆ ಹೇಳುತ್ತಿದ್ದಳು. ಅಕ್ಷರಗಳನ್ನು ಅವಳು ಇರುವೆಗಳೆಂದು ಕರೆಯುತ್ತಿದ್ದಳು. ‘ಈ ಇರವೀ ಸಾಲು ದಾಟಿ ಮುಂದಿನ ಚಿತ್ರಕ್ಕ ನಡೀ.’

ಆಯಾಳ ಚಿತ್ರದ ಹತ್ತಿರ ಬಂದಾಗ ಹುಡುಗ ಸುಬ್ಬುವಿನ ಹಾಗೆಯೇ ಅಂದಿದ್ದ, ಇವಳು ಕಳ್ಳಿ.

‘ಯಾಕೋ?’

‘ಮಾರಿ ನೋಡು ಹ್ಯಾಂಗದ.’

‘ಮಾರಿ ನೋಡಬ್ಯಾಡ. ಮಾರಿ ಯಾರ್ಯಾರೋ ಹ್ಯಾಂಗ್ಹ್ಯಾಂಗೋ ತಗೀತಾರ. ಕೈ ನೋಡು. ಕಳ್ಳಿ ಇದ್ದಿದ್ರ ಬೆಳಕು ಹೊರಗ ಕಾಣಬಾರದಂತ ಬಾಗಲದ ಕಡೆ ಕೈ ಹಿಡೀತಿದ್ಲು. ಇಕಿ ಎಲ್ಲೆ ಹಿಡದಾಳ? ಕೂಸಿನ ಕಡೆ. ಕೂಸಿನ ಕಣ್ಣಿಗೆ ಬೆಳಕು ಬಡೀಬಾರದಂತ. ಬಾಗಲದ ಕಡೆ ಬಯಲು ಬಿಟ್ಟಾಳ, ಯಾರರೆ ನೋಡವಲ್ಲರ್ಯಾಕ, ಅಕಿಗೇನು ಅಂಜಿಕಿ?’

ಪಂಪಿನ ಹುಡುಗಿ ಕಿಟಕಿ ತಟ್ಟಿದಳು. ಅವರ ಸರದಿ ಬಂದಿತ್ತು. ಹಿಂದಿನ ಹತ್ತು ಕಾರುಗಳಾದ ಮೇಲೆ ಗ್ಯಾಸ್ ಮುಗಿಯಿತೆಂದು ಕೆಂಪು ಬಾವುಟ ಏರಿಸುತ್ತಾರಂತೆ. ಬದರೀನಾಥ ಅವಳಿಗೆ ಮೂರು ಸಲ ಥ್ಯಾಂಕ್ಯೂ ಹೇಳಿದ.

ಆಫೀಸಿನಲ್ಲಿ ದಿನವಿಡೀ ಒಂದು ಬಾಯ್ಲರಿನ ನಕ್ಷೆಯ ಮೇಲೆ ಬಗ್ಗಿದ್ದ. ಕೈ ತನ್ನಷ್ಟಕ್ಕೆ ಗೆರೆ ಎಳೆಯುತ್ತಿತ್ತು. ಒಂದು ಗೆರೆ ದಪ್ಪವಾದರೆ ಅದು ಹತ್ತಿರದ್ದು, ತೆಳುವಾದರೆ ದೂರದ್ದು; ಗೆರೆಗಳನ್ನು ಒತ್ತೊತ್ತಾಗಿ ಎಳೆದರೆ ಅಲ್ಲಿ ಬೆಳಕಿಲ್ಲ. ಇದನ್ನು ಅವನಿಗೆ ಮೊದಲು ಕಲಿಸಿದವರು ಯಾರು? ಮುಂಬಯಿಯ ಮೇಷ್ಟ್ರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದ. ಈಗ ಅದನ್ನೂ ನಂಬುವ ಹಾಗಿರಲಿಲ್ಲ. ‘ದೀಪ ಎಲ್ಲದನೋ? ಹಂಗಾರ ನೆರಳು ಎಲ್ಲಿ ಬೀಳಬೇಕೋ?’ ಎಂದು ಒದ್ದೆ ಬೆರಳು ಪುಟಕ್ಕೆ ತಾಗದ ಹಾಗೆ ಗಾಳಿಯಲ್ಲಿ ಗೆರೆ ಎಳೆದು ತೋರಿಸುತ್ತಿದ್ದ ಆ ಕೈ. ಅವನ ಇಡೀ ಸಂಬಳವೇ ಒಂದು ಅಡಿಟಿಪ್ಪಣಿ ಕೇಳುತ್ತಿತ್ತು. ಪೆನ್ಸಿಲು ಮುರಿಯಿತು. ಪಕ್ಕದ ಮೇಜಿನವನು ತನ್ನದನ್ನು ಕೊಟ್ಟ. ಥ್ಯಾಂಕ್ಯೂ ಎಂದ, ಮತ್ತೆ ಥ್ಯಾಂಕ್ಯೂ ಎಂದ, ಅವನು ವಿಚಿತ್ರವಾಗಿ ನೋಡಿದಾಗ ಸುಮ್ಮನಾದ.

ಹದಿಮೂರನೆಯ ವಯಸ್ಸಿನಲ್ಲಿ ಇಂಗ್ಲಿಷು ಬಂತು. ಒಂದು ಬೇಸಿಗೆ ರಜೆಯಿಡೀ ಡಿಕ್ಷನರಿ ಇಟ್ಟುಕೊಂಡು ಇರುವೆಗಳ ಸಾಲನ್ನೆಲ್ಲ ಓದಿದ. ಬೈಂಡಿನ ಕೊನೆಯ ಪುಟದಲ್ಲಿ ಪೊಲೀಸರು ಆಯಾಳನ್ನು ಹಿಡಿದುಕೊಂಡು ಹೋಗುತ್ತಾರೆ. ಚಿತ್ರವೂ ಇತ್ತು, ಇಬ್ಬರು ಪೊಲೀಸರ ನಡುವೆ ಬಾಗಿದ ಸೆರಗಿನ ತಲೆ. ಪುಟದ ಕೆಳಗಿನ ಅರ್ಧವನ್ನು ಗೆದ್ದಲು ತಿಂದಿತ್ತು. ಕತೆ ಮುಗಿಯಿತು ಎಂದುಕೊಂಡ. ಅಡುಗೆಮನೆಗೆ ಓಡಿದ. ತಂಗಿಯರು, ಅತ್ತೆ, ನೀರು ತರುವ ಅಡಿವೆಪ್ಪ, ಎಲ್ಲರ ಮುಂದೆ ಕೂಗಿ ಹೇಳಿದ: ‘ಕಾಶಿಬಾಯಿ, ನೀ ಹೇಳಿದ್ದೆಲ್ಲಾ ಸುಳ್ಳು! ಅಕೀನ ಕಳ್ಳಿ. ಇಂಗ್ಲಿಷಿನಾಗ ಬರದಾರ!’ ಅಡಿವೆಪ್ಪ ಬಿಂದಿಗೆ ಇಳಿಸಿ, ‘ಇಂಗ್ಲಿಷಿನಾಗ ಬರದ್ರ ಮುಗೀತ್ ಬಿಡು, ಕಲೆಕ್ಟರ್ ಸಾಹೇಬರ ಆರ್ಡರ್ ಇದ್ದಂಗ’ ಎಂದು ನಕ್ಕ. ಕಾಶಿಬಾಯಿಯೂ ನಕ್ಕಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಅದಾಗಿ ಎಂಟು ದಿನಕ್ಕೆ ದೇವರ ಬೆಳ್ಳಿ ಉದ್ಧರಣೆ ಕಾಣೆಯಾಯಿತು. ಅತ್ತೆ ಎಲ್ಲರನ್ನೂ ಕೇಳಿದರು. ಹುಡುಗ ಹೇಳಿದ: ‘ಮುಂಜಾನಿ ಕಾಶಿಬಾಯಿ ದೇವರಮನಿ ಬಾಗಲದಾಗ ನಿಂತಿದ್ಲು. ದೀಪಕ್ಕ ಕೈ ಅಡ್ಡ ಹಿಡದು ನಿಂತಿದ್ಲು.’ ಹೇಳುವಾಗ ಅದು ಸುಳ್ಳೆಂದು ಅವನಿಗೆ ಅನಿಸಿರಲಿಲ್ಲ. ಇಪ್ಪತ್ತೈದು ವರ್ಷಗಳಿಂದ ಅವನು ಅದೊಂದನ್ನೇ ನೆನೆಸಿಕೊಳ್ಳಲು ನೋಡಿದ್ದ. ಕಣ್ಣು ಮುಚ್ಚಿದರೆ ಬಾಗಿಲು, ಸೆರಗು, ದೀಪ ಸ್ಪಷ್ಟವಾಗಿ ಕಾಣುತ್ತಿದ್ದವು. ಆದರೆ ಆ ಬಾಗಿಲಿಗೆ ಧಾರವಾಡದ ಮನೆಯ ಅಗಳಿ ಇರಲಿಲ್ಲ, ಇಂಗ್ಲಿಷ್ ಮನೆಯ ದುಂಡನೆಯ ಹಿಡಿಕೆ ಇತ್ತು. ಅಂದರೆ ಅವನು ಸಾಕ್ಷಿ ಹೇಳಿದ್ದು ಚಿತ್ರವನ್ನು ನೋಡಿ.

ಅವಳ ತಗಡಿನ ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಬಿಚ್ಚಿದರು. ಅವಳೇ ಬೀಗದ ಕೈ ಕೊಟ್ಟಳು. ಎರಡು ಕೆಂಪು ಸೀರೆ, ತುಳಸೀ ಮಣಿ, ವಿಭೂತಿಯಂತೆ ಪುಡಿಯಾದ ಯಾವುದೋ ಔಷಧಿ, ಬಟ್ಟೆಯಲ್ಲಿ ಸುತ್ತಿದ ಒಂದು ಮರದ ಬಾಚಣಿಕೆ. ‘ಅಯ್ಯ, ಇದ್ಯಾಕ ನಿನಗ?’ ಎಂದು ಅತ್ತೆ ಬಾಚಣಿಕೆಯನ್ನು ಎತ್ತಿ ಹಿಡಿದಾಗ ಯಾರೋ ನಕ್ಕರು. ನಕ್ಕವರಲ್ಲಿ ತಾನೂ ಇದ್ದೆನೆ ಎಂಬುದೂ ಅವನಿಗೆ ನೆನಪಿರಲಿಲ್ಲ. ಇಲ್ಲವೆಂದು ಪ್ರಮಾಣ ಮಾಡಲಾರ. ಉದ್ಧರಣೆ ಸಿಗಲಿಲ್ಲ. ಎರಡು ದಿನಗಳಾದ ಮೇಲೆ ತುಳಸಿಕಟ್ಟೆಯ ಬುಡದಲ್ಲಿ, ದೇವರ ಮೇಲಿನಿಂದ ತೆಗೆದು ಸುರಿದ ಬಾಡಿದ ಹೂವಿನೊಳಗೆ ಸಿಕ್ಕಿತು. ಪೂಜೆ ಮಾಡಿದವರು ತಂದೆ. ಹೂವಿನ ಜೊತೆ ಬಾಚಿ ಹಾಕಿದ್ದವರೂ ಅವರೇ. ‘ಸಿಕ್ಕಿತಲ್ಲ, ಆತು ಬಿಡ್ರಿ’ ಎಂದರು.

ಅಂದು ಅವಳು ಅವನ ರೊಟ್ಟಿಯ ಮೇಲೆ ಎಂದಿನಷ್ಟೇ ಬೆಣ್ಣೆ ಹಾಕಿದಳು. ಅವನು ತಲೆ ಎತ್ತಲಿಲ್ಲ. ಅವಳೇ, ಒಲೆಯ ಕಡೆ ಮುಖ ಮಾಡಿಕೊಂಡು, ಅಂದಳು: ‘ಮುಂದ ಓದೋ ಬದರಿ. ಅಕಿ ಬಿಡುಗಡಿ ಆಗ್ತಾಳ.’

‘ಮುಂದ ಇಲ್ಲ. ಪುಸ್ತಕ ಮುಗದದ.’

‘ಪುಸ್ತಕ ಮುಗದಿರಬೇಕು. ಕತಿ ಮುಗದಿಲ್ಲ.’

ಕಾಲೇಜಿನ ಮೂರನೆಯ ಮಹಡಿಯ ಆ ಕೋಣೆಯಲ್ಲಿ ಸ್ಟೀಮ್ ಪೈಪು ಕೊಟಕೊಟ ಎನ್ನುತ್ತಿತ್ತು. ಹದಿನಾಲ್ಕು ಜನ. ಬಸ್ ಓಡಿಸುವವನು, ಇಬ್ಬರು ನರ್ಸುಗಳು, ನಿವೃತ್ತ ಪೊಲೀಸಿನವನೊಬ್ಬ, ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುವ ಮಿಸೆಸ್ ಪ್ರೂಯಿಟ್ ಎಂಬ ನ್ಯೂಆರ್ಕಿನ ಕಪ್ಪು ಹೆಂಗಸು. ಅವಳು ಸದಾ ಮುಂದಿನ ಸಾಲಿನಲ್ಲಿ, ಕೋಟು ಕಳಚದೆ ಕೂರುತ್ತಿದ್ದಳು. ಮಿಸೆಸ್ ಕೆಸ್ಲರ್ ದೀಪ ಆರಿಸಿದಳು. ಪ್ರೊಜೆಕ್ಟರಿನ ಬೆಳಕಿನಲ್ಲಿ ಆಯಾ ಗೋಡೆಯ ಮೇಲೆ ಮನುಷ್ಯರಷ್ಟೆತ್ತರ ಬಂದು ನಿಂತಳು. ಇಷ್ಟು ದೊಡ್ಡದಾಗಿ ಅವಳನ್ನು ಬದರೀನಾಥ ನೋಡಿರಲಿಲ್ಲ. ಅಂಗಳದಲ್ಲಿ ಪೆಟ್ಟಿಗೆಯ ಪಕ್ಕದಲ್ಲಿ ನಿಂತವಳು ಇಷ್ಟೇ ಎತ್ತರವಿದ್ದಳು.

ಹಾಳೆ ಓದತೊಡಗಿದ. ಲೇಖಕನ ಒಂದು ವಾಕ್ಯ, ಚಿತ್ರಕಾರನ ಮುಖ. ಓದುಗರು ವಾಕ್ಯವನ್ನು ನಂಬಲಿಲ್ಲ, ಮುಖವನ್ನು ನಂಬಿದರು. ಮೇಜಿನಿಂದ ತನ್ನ ಅಡಿಕೋಲು ತೆಗೆದುಕೊಂಡು ಗೋಡೆಯ ಹತ್ತಿರ ಹೋಗಿ ಒಂದು ಗೆರೆ ತೋರಿಸಿದ. ಚಿತ್ರದ ನಡುವೆ ಮೇಲಿನಿಂದ ಕೆಳಕ್ಕೆ ಕೂದಲಿನಷ್ಟು ತೆಳ್ಳಗಿನ ಬಿಳಿ ಗೆರೆ. ಇಂಥ ಚಿತ್ರಗಳನ್ನು ಒಂದೇ ಮರದ ತುಂಡಿನಲ್ಲಿ ಕೆತ್ತುತ್ತಿರಲಿಲ್ಲ ಎಂದು ಮಿಸೆಸ್ ಕೆಸ್ಲರ್ ಮೂರನೆಯ ಪಾಠದಲ್ಲಿ ಹೇಳಿದ್ದಳು. ವಾರ ವಾರ ಪತ್ರಿಕೆ ಹೊರಡಬೇಕು, ಸಮಯವಿಲ್ಲ. ಚಿತ್ರಕಾರ ಬರೆದ ಮೇಲೆ ಹಲಗೆಯ ತುಂಡುಗಳನ್ನು ಬಿಚ್ಚಿ ಒಬ್ಬೊಬ್ಬ ಕೆತ್ತನೆಗಾರನಿಗೆ ಒಂದೊಂದು ಕೊಟ್ಟು, ಕೊನೆಗೆ ಮತ್ತೆ ಬಿಗಿಯುತ್ತಿದ್ದರು. ಸರಿಯಾಗಿ ಬಿಗಿಯದಿದ್ದರೆ ಕೂಡಿದ ಜಾಗ ಬಿಳಿಯಾಗಿ ಮೂಡುತ್ತಿತ್ತು. ಆ ಗೆರೆ ಇಲ್ಲಿ ಆಯಾಳ ಮುಖಕ್ಕೂ ಕೈಗೂ ನಡುವೆ ಹಾಯುತ್ತಿತ್ತು. ‘ಮುಖವನ್ನು ಕೆತ್ತಿದವನು ಒಬ್ಬ’ ಎಂದ ಬದರೀನಾಥ. ‘ಕೈಯನ್ನು ಕೆತ್ತಿದವನು ಇನ್ನೊಬ್ಬ ಇರಬಹುದು. ಮುಖ ಕೆತ್ತಿದವನಿಗೆ ಹಿಂದೂಸ್ತಾನದ ಹೆಂಗಸು ಹೇಗಿರಬೇಕೆಂದು ಮೊದಲೇ ಗೊತ್ತಿತ್ತು. ಕೈ ಕೆತ್ತಿದವನಿಗೆ ಗೊತ್ತಿದ್ದದ್ದು ಕೈ ಮಾತ್ರ. ದಯವಿಟ್ಟು ಕೈ ನೋಡಿ. ಕಳ್ಳಿಯಾಗಿದ್ದರೆ ಬೆಳಕನ್ನು ಬಾಗಿಲಿಗೆ ಮರೆಮಾಡುತ್ತಿದ್ದಳು. ಇವಳು ಮಗುವಿಗೆ ಮರೆಮಾಡಿದ್ದಾಳೆ.’

ಕತ್ತಲೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ನಿವೃತ್ತ ಪೊಲೀಸಿನವನು ‘ಓಹೋ’ ಎಂದ. ಬದರೀನಾಥ ಮುಂದುವರಿಸಿದ: ಆರು ತಿಂಗಳ ಬೈಂಡು ಮಾತ್ರ ಓದಿದವರಿಗೆ ಕತೆ ಅವಳ ಬಂಧನದಲ್ಲಿ ಮುಗಿಯುತ್ತದೆ, ಮುಂದಿನ ಬೈಂಡಿನಲ್ಲಿ, ಆಗಸ್ಟಿನ ಎರಡನೆಯ ವಾರ, ಸರ ಕದ್ದವನು ಮನೆಯ ವೈದ್ಯ ಎಂದು ತಿಳಿಯುತ್ತದೆ. ಹೋದ ನವೆಂಬರಿನಲ್ಲಿ ನ್ಯೂಆರ್ಕಿನ ಲೈಬ್ರರಿಯ ನೆಲಮಾಳಿಗೆಯಲ್ಲಿ ಆ ಎರಡನೆಯ ಬೈಂಡನ್ನು ಬಿಡಿಸಿದಾಗ ತಾನು ಕೂರಲಾರದೆ, ಕಪಾಟಿಗೆ ಒರಗಿ, ಕೋಟಿನ ತೋಳಿನಿಂದ ಮೂಗು ಒರೆಸಿಕೊಳ್ಳುತ್ತ ನಿಂತೇ ಓದಿದ್ದನ್ನು ಅವನು ಹೇಳಲಿಲ್ಲ.

ದೀಪ ಹತ್ತಿತು. ಚಪ್ಪಾಳೆ. ಮಿಸೆಸ್ ಕೆಸ್ಲರ್ ಕನ್ನಡಕ ತೆಗೆದು, ‘ಆ ಕೈಯ ವಿಚಾರ. ಹದಿನೈದು ವರ್ಷದಿಂದ ಈ ಚಿತ್ರ ತೋರಿಸುತ್ತಿದ್ದೇನೆ, ನನಗೆ ಕಂಡಿರಲಿಲ್ಲ. ಅದು ನಿಮ್ಮದೇ ಅಲ್ಲವೆ, ಮಿಸ್ಟರ್ ನಾಥ್?’ ಎಂದಳು.

‘ಯೆಸ್’ ಎಂದ ಬದರೀನಾಥ. ‘ಥ್ಯಾಂಕ್ಯೂ.’

ಎರಡೂ ಪದ ಬಾಯಿಂದ ತಾವಾಗಿ ಬಂದಿದ್ದವು, ಲಿಫ್ಟಿಗೆ ಬಂದ ಹಾಗೆ. ಅವನು ಕುರ್ಚಿಯ ಕಡೆ ನಡೆದ. ನಾಲ್ಕು ಹೆಜ್ಜೆ. ಎದೆಯ ಜೇಬಿನಲ್ಲಿದ್ದ ಹಾಳೆ ಕೋಟಿನ ಒಳಗೇ ಸರಕ್ಕೆಂದಿತು. ಇಷ್ಟು ಸಲೀಸು, ಎಂದುಕೊಂಡ. ಅಂದೂ ಇಷ್ಟೇ ಸಲೀಸಾಗಿತ್ತು.

‘ನನ್ನದೊಂದು ಪ್ರಶ್ನೆ’ ಎಂದಳು ಮಿಸೆಸ್ ಪ್ರೂಯಿಟ್. ಅವಳು ತಿರುಗಿ ಕೂತು ಅವನನ್ನೇ ನೋಡುತ್ತಿದ್ದಳು. ‘ಡಾಕ್ಟರು ಸಿಕ್ಕಿಬಿದ್ದ, ಸರಿ. ಆಮೇಲೆ ಆ ಹೆಂಗಸಿಗೆ ಯಾರಾದರೂ ಸಾರಿ ಅಂದರಾ?’

ಅವನು ಪ್ರಬಂಧದ ಹಾಳೆಗಳನ್ನು ತಿರುವಿದ, ಅದರಲ್ಲಿ ಇಲ್ಲವೆಂದು ಗೊತ್ತಿದ್ದೂ. ‘ಇಲ್ಲ. ಒಂದು ಶಾಲು ಕೊಟ್ಟು ಹಡಗು ಹತ್ತಿಸುತ್ತಾರೆ. ಒಂದು ವಾಕ್ಯ. ಅದಕ್ಕೆ ಚಿತ್ರ ಇಲ್ಲ. ಆ ವಾರದ ಚಿತ್ರ ಮನೆಯ ಮಗಳ ಮದುವೆಯದು.’

‘ಹಾಗೇ ಅಂದುಕೊಂಡೆ’ ಎಂದಳು ಮಿಸೆಸ್ ಪ್ರೂಯಿಟ್. ‘ನನ್ನ ಅಮ್ಮ ಒಂದು ದೊಡ್ಡ ಮನೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದಳು. ಶುಕ್ರವಾರ ಸಂಜೆ ಅವಳು ಕೋಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತಿರಬೇಕು, ಮನೆಯಾಕೆ ಸ್ಪೂನ್ ಎಣಿಸಿ ಮುಗಿಸುವವರೆಗೆ. ಒಂದೇ ಒಂದು ಸ್ಪೂನ್ ಯಾವತ್ತೂ ಕಡಿಮೆ ಬಿದ್ದಿರಲಿಲ್ಲ. ಆದರೂ ಎಣಿಸುತ್ತಿದ್ದಳು. ಆ ಕೈ ನೋಡಲು ನಿಮಗೆ ಯಾರು ಕಲಿಸಿದರು ಮಿಸ್ಟರ್? ಪುಸ್ತಕ ಓದಿದವರಿಗೆ ಅದು ಕಾಣುವುದಿಲ್ಲ.’

ಸ್ಟೀಮ್ ಪೈಪು ಎರಡು ಸಲ ಕೊಟಕ್ ಎಂದಿತು. ಬದರೀನಾಥ ಕೂತಿರಲಿಲ್ಲ, ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದ. ಗೋಡೆಯ ಮೇಲೆ ಚಿತ್ರ ಬೆಳಕಿನಲ್ಲಿ ಮಂಕಾಗಿತ್ತು, ಆದರೂ ಇತ್ತು. ‘ಮಿಸೆಸ್ ಕೆಸ್ಲರ್’ ಎಂದ, ‘ನಾನು ಈಗ ಯೆಸ್ ಅಂದದ್ದು ತಪ್ಪು. ಅದು ನನ್ನದಲ್ಲ.’ ಆಮೇಲೆ ಹೇಳಿದ. ಎಲ್ಲವನ್ನೂ ಅಲ್ಲ, ಬಾಚಣಿಕೆಯನ್ನು ಹೇಳಲಿಲ್ಲ. ಅದನ್ನು ಇನ್ನೊಮ್ಮೆ ಎಲ್ಲರೆದುರು ಎತ್ತಿ ಹಿಡಿಯಲು ಅವನಿಗೆ ಹಕ್ಕಿರಲಿಲ್ಲ. ಅಡುಗೆಮನೆ, ಇರುವೆಗಳ ಸಾಲು, ಕೈ, ಗೆದ್ದಲು ತಿಂದ ಪುಟ, ತಾನು ಹೇಳಿದ ಸಾಕ್ಷಿ, ಮುಂದೆ ಓದು ಎಂದ ಮಾತು. ತನ್ನ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಅಡ್ಡಾದಿಡ್ಡಿಯಾಗುತ್ತಿದ್ದುದು ಗೊತ್ತಾಗುತ್ತಿತ್ತು. ಯಾರೂ ನಗಲಿಲ್ಲ. ‘ನಾನು ಅವಳಿಗೆ ಸಾರಿ ಅನ್ನಲಿಲ್ಲ. ಧಾರವಾಡದಲ್ಲಿ ನಮ್ಮ ಕಡೆ ಹಾಗೆ ಹೇಳುವ ರೂಢಿಯೂ ಇರಲಿಲ್ಲ, ಅಡುಗೆಯವರಿಗೆ. ನಾನು ಮುಂಬಯಿಯಲ್ಲಿದ್ದಾಗ ತೀರಿಕೊಂಡಳು.’

ಮಿಸೆಸ್ ಪ್ರೂಯಿಟ್ ಕೋಟಿನ ಮೊದಲ ಗುಂಡಿಯನ್ನು ಬಿಚ್ಚಿದಳು, ಎರಡನೆಯದನ್ನು ಬಿಚ್ಚಿದಳು. ಕೋಟು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದಳು. ‘ಒಳ್ಳೆ ಕತೆ ಹೇಳ್ತಿದ್ದಳು ಅನ್ನಿ’ ಎಂದಳು.

‘ಹೌದು’ ಎಂದ ಬದರೀನಾಥ. ‘ಬಹಳ ಒಳ್ಳೆ ಕತೆ ಹೇಳ್ತಿದ್ದಳು.’

ಹೋಗುವಾಗ ಮಿಸೆಸ್ ಕೆಸ್ಲರ್ ಅವನ ಪ್ರಬಂಧದ ಒಂಬತ್ತನೆಯ ಪುಟವನ್ನು ತೆಗೆದು ಖಾಲಿ ಜಾಗದ ಮೇಲೆ ಬೆರಳಿಟ್ಟಳು. ‘ಬಾಯಿಮಾತಿನ ಮೂಲಗಳಿಗೂ ರೀತಿ ಇದೆ. ಹೆಸರು, ಉದ್ಯೋಗ, ಊರು, ವರ್ಷ. ಸೋಮವಾರದೊಳಗೆ.’ ಅವಳಿಗೂ ಥ್ಯಾಂಕ್ಯೂ ಹೇಳಬೇಕೆಂದುಕೊಂಡ. ಬಾಯಿಗೆ ಬರಲಿಲ್ಲ. ಅವಳು ಗಮನಿಸಿದಂತೆ ಕಾಣಲಿಲ್ಲ.

ಶನಿವಾರ ಬೆಳಿಗ್ಗೆ ಕಿಟಕಿಯ ಹೊರಗೆ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಪದ್ಮಜಾ ಊಟದ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಒಂಬತ್ತನೆಯ ಪುಟವನ್ನು ರೋಲರಿಗೆ ಸಿಕ್ಕಿಸಿ, ಏಳರ ಮುಂದಕ್ಕೆ ಸರಿಯಾಗಿ ತಂದು ನಿಲ್ಲಿಸಿದಳು. ಮದುವೆಗೆ ಮುಂಚೆ ಮೈಸೂರಿನಲ್ಲಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದವಳು. ಹಾಳೆ ಸಿಕ್ಕಿಸುವುದರಲ್ಲಿ ಅವಳಿಗೊಂದು ಠೀವಿ ಇತ್ತು. ಗುರುವಾರ ಮನೆಗೆ ಬಂದವನು ಅವಳಿಗೂ ಎಲ್ಲ ಹೇಳಿದ್ದ. ಹನ್ನೊಂದು ವರ್ಷದ ಸಂಸಾರದಲ್ಲಿ ಕಾಶಿಬಾಯಿಯ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು. ‘ಬಾಚಣಿಗೆ ಯಾಕಿಟ್ಕೊಂಡಿದ್ರೋ ಪಾಪ’ ಎಂದಿದ್ದಳು, ಅಷ್ಟೆ. ಆಮೇಲೆ ಎದ್ದು ಅವನಿಗೆ ಇನ್ನೊಂದು ಚಪಾತಿ ಹಾಕಿದ್ದಳು.

‘ಹೇಳಿ. ಅಡ್ಡಹೆಸರು ಮೊದಲು ಬರ್ಬೇಕಂತೆ. ನಿಮ್ಮ ಕಡೆ ಎಲ್ಲರಿಗೂ ಇರುತ್ತಲ್ಲ. ಏನು ಅವರದು?’

ಬದರೀನಾಥ ಬಾಯಿ ತೆರೆದ. ಕಾಶಿಬಾಯಿಯ ಕೈಯಿಂದ ಹದಿನೈದು ವರ್ಷ ಉಂಡಿದ್ದ. ಮನೆಗೆ ಬರುತ್ತಿದ್ದ ಟಪಾಲಿನವನ, ಹಾಲಿನವನ ಅಡ್ಡಹೆಸರು ನೆನಪಿತ್ತು. ಅವಳದು ನೆನಪಿಲ್ಲವೆಂದಲ್ಲ, ಅದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ತಂದೆಯ ಮನೆಯದೋ ಗಂಡನ ಮನೆಯದೋ, ಎರಡರಲ್ಲಿ ಒಂದಾದರೂ ಇದ್ದಿರಬೇಕು. ‘ಗೊತ್ತಿಲ್ಲ’ ಎಂದ. ಅಂಗಳದಲ್ಲಿ ಪೆಟ್ಟಿಗೆ ಬಿಚ್ಚಿದ ದಿನಕ್ಕಿಂತ ಹೆಚ್ಚಿನ ನಾಚಿಕೆ ಅದೊಂದು ಪದ ಹೇಳುವಾಗ ಆಯಿತು.

ಪದ್ಮಜಾ ಅವನ ಮುಖ ನೋಡಲಿಲ್ಲ. ‘ಇರ್ಲಿ ಬಿಡಿ. ಬರೀ ಕಾಶಿಬಾಯಿ ಅಂತಲೇ ಹಾಕ್ತೀನಿ. ಅವರು ಒಪ್ಕೋಬೇಕು.’ ಒಂದೊಂದಾಗಿ ಅಕ್ಷರಗಳು ಬಿದ್ದವು. ‘ಉದ್ಯೋಗ? ಕುಕ್ ಅಂತ ಹಾಕ್ಲಾ?’

ರಾಜಿ ಬಂದು ಅಪ್ಪನ ತೊಡೆಯೇರಿ, ಮೇಜಿನ ಮೇಲಿದ್ದ ಆಯಾಳ ಚಿತ್ರವನ್ನು ತನ್ನ ಕಡೆ ಎಳೆದುಕೊಂಡಳು. ಅವನು ಅವಳ ಬೆರಳು ಹಿಡಿದು, ಗೀಟುಗಳ ಮುಖವನ್ನು ದಾಟಿಸಿ, ಆ ಬಿಳಿ ಗೆರೆಯನ್ನೂ ದಾಟಿಸಿ, ಕೈಯ ಮೇಲೆ ತಂದಿಟ್ಟ. ‘ಮಾರಿ ಬಿಡು ಪುಟ್ಟಿ. ಕೈ ನೋಡು. ಯಾರ ಕಡೆ ಹಿಡದಾಳ?’ ಮಗಳು ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ನೋಡತೊಡಗಿದಳು. ಅವಳು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಲಿ ಎಂದು ಅವನಿಗನಿಸಿತು.

‘ರೀ. ಉದ್ಯೋಗ?’

‘ಕುಕ್ ಬ್ಯಾಡ’ ಎಂದ ಬದರೀನಾಥ. ‘ರೀಡರ್ ಅಂತ ಹಾಕು.’

ಪದ್ಮಜಾ ಒಂದು ಕ್ಷಣ ಕೀಲಿಗಳ ಮೇಲೆ ಬೆರಳು ತಡೆದಳು. ಆಮೇಲೆ ಹೊಡೆದಳು. ಊರು ಧಾರವಾಡ, ವರ್ಷ ೧೯೪೪. ಸಾಲಿನ ಅಂಚು ಬಂದು ಟೈಪ್‌ರೈಟರಿನ ಗಂಟೆ ಟಿಣ್ ಎಂದಿತು. ತೊಡೆಯ ಮೇಲಿನ ಮಗು ಕಾಗದದಿಂದ ತಲೆ ಎತ್ತದೆ, ಬೆರಳನ್ನು ಆ ಕೈಯಿಂದ ನಿಧಾನವಾಗಿ ಸರಿಸುತ್ತ ಮಂಚದ ಕಡೆಗೆ ಒಯ್ಯುತ್ತಿತ್ತು.